ಮದ್ದು ವಿಷವಾದಾಗ ದೇಹವು ಅದನ್ನು ಹೊರಹಾಕುವ ಬಗೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಗೆ ಮನೋರೋಗದ ಚಿಕಿತ್ಸೆ ಹೊಸತೇನೂ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1985ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಪ್ರಯೋಗಿಸಿ ನೋಡಿದುದು ಅಂದಿನ ಬಳ್ಳಾರಿ ಜಿಲ್ಲೆಯಲ್ಲಿಯೇ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿಯಿತ್ತು, ಹಳ್ಳಿಯವರಿಗೆ ಹತ್ತಿರದಲ್ಲಿಯೇ ಔಷಧ ದೊರೆಯುವಂತೆ ಮಾಡಿದ ಆ ಮಾದರಿಯನ್ನು 1996ರಿಂದ ದೇಶದ ಇತರ ಜಿಲ್ಲೆಗಳಿಗೂ ವಿಸ್ತರಿಸಲಾಯಿತು.

ಖಿನ್ನತೆಗೆ ಕೊಡುವ ಮಾತ್ರೆಗಳಿಂದ ಅನೇಕರು ಗುಣಹೊಂದಿದ್ದಾರೆ. ಆದರೆ ಅಳತೆ ಮೀರಿದಾಗ, ಅಥವಾ ಕೂಡಬಾರದ ಇನ್ನೊಂದು ಔಷಧ ಜೊತೆಗೂಡಿದಾಗ, ಅದೇ ಮದ್ದು ವಿಷವಾಗುವುದುಂಟು. ಮೈ ಬೆವರುವುದು, ನಡುಕ, ಜ್ವರ, ಭೇದಿ, ಸ್ನಾಯುಗಳ ಸೆಡೆತ, ಗಾಬರಿ, ಎದೆಬಡಿತದ ಏರುಪೇರು ಇವು ಅದರ ಕುರುಹುಗಳು. ಆಗ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದರೆ, ಎಳನೀರು ಕುಡಿಸಿದರೆ ಎಲ್ಲವೂ ತೊಳೆದುಹೋಗುವುದೆಂದು ಹೇಳುವವರಿದ್ದಾರೆ. ಇದು ಎಷ್ಟರಮಟ್ಟಿಗೆ ನಿಜವೆಂಬುದನ್ನು ವಿಚಾರಿಸೋಣ.

ಈ ಔಷಧಗಳಲ್ಲಿ ಹೆಚ್ಚಿನವು ಕೊಬ್ಬಿನಲ್ಲಿ ಕರಗತಕ್ಕವು. ಆದುದರಿಂದ ಅವು ರಕ್ತದಲ್ಲಿ ನಿಲ್ಲದೆ ಮೆದುಳು, ಹೃದಯ, ಕೊಬ್ಬು ಮೊದಲಾದ ಅಂಗಾಂಶಗಳಲ್ಲಿ ಇಂಗುತ್ತವೆ. ಕೆರೆಯ ನೀರನ್ನು ತೂಬು ತೆಗೆದು ಬರಿದು ಮಾಡಬಹುದು. ಎರೆಹೊಲಕ್ಕೆ ಇಂಗಿದ ತೇವವನ್ನು ಹಾಗೆ ಹೊರತೆಗೆಯಲಾಗದು. ಅಮಿಟ್ರಿಪ್ಟಿಲಿನ್‌ನಂತಹ ಮದ್ದು ವಿಷವಾದಾಗ ಡಯಾಲಿಸಿಸ್ ಯಂತ್ರದಿಂದಲೂ ಹೆಚ್ಚು ಪ್ರಯೋಜನವಿಲ್ಲದಿರುವುದಕ್ಕೆ ಇದೇ ಕಾರಣ. ಯಂತ್ರವು ತೊಳೆಯುವುದು ರಕ್ತವನ್ನು. ಮದ್ದು ಇರುವುದಾದರೋ ಬಹುಪಾಲು ರಕ್ತದ ಹೊರಗೆ.

ಹೊರಹಾಕುವ ಮುಖ್ಯ ಕಾರ್ಯವು ಯಕೃತ್ತಿನದು. ಅದರ ಕಿಣ್ವಗಳು ಮದ್ದನ್ನು ಸ್ವಲ್ಪಸ್ವಲ್ಪವಾಗಿ ನೀರಿನಲ್ಲಿ ಕರಗುವಂತೆ ಮಾರ್ಪಡಿಸುತ್ತವೆ. ಬಳಿಕ ಮೂತ್ರಪಿಂಡಗಳು ಅದನ್ನು ಮೂತ್ರದಲ್ಲಿ ಕಳುಹಿಸುತ್ತವೆ. ನೀರು ಹೆಚ್ಚು ಕುಡಿದ ಮಾತ್ರಕ್ಕೆ ಯಕೃತ್ತಿನ ಕೆಲಸ ಬೇಗನಾಗದು. ಹುಟ್ಟಿನಿಂದಲೇ ಕೆಲವರಲ್ಲಿ ಈ ಕಿಣ್ವಗಳು ಮಂದವಾಗಿರುತ್ತವೆ. ಒಂದು ಮದ್ದು ಇನ್ನೊಂದರ ದಾರಿಯನ್ನು ತಡೆಯುವುದೂ ಉಂಟು: ಫ್ಲುವಾಕ್ಸಿಟಿನ್ ಸೇವಿಸುವವನ ದೇಹದಲ್ಲಿ ಅಮಿಟ್ರಿಪ್ಟಿಲಿನ್ ಹೆಚ್ಚಾಗಿ ಶೇಖರವಾಗಬಹುದು.

ಮದ್ದು ಇಳಿಯುವ ಲೆಕ್ಕವು ಅರ್ಧಾಯುಷ್ಯದ ಲೆಕ್ಕ. ಸರ್ಟ್ರಾಲಿನ್ ಸುಮಾರು 26 ಗಂಟೆಗಳಲ್ಲಿ ಅರ್ಧವಾಗುತ್ತದೆ. 100 ಭಾಗವಿದ್ದುದು 50, 25, 12.5, 6.25 ಎಂದು ಇಳಿಯುತ್ತ ಐದನೆಯ ಸಲಕ್ಕೆ 3 ಭಾಗವಾಗಲು ಐದೂವರೆ ದಿನಗಳು ಬೇಕು. ಫ್ಲುವಾಕ್ಸಿಟಿನ್‌ನಿಂದ ಹುಟ್ಟುವ ವಸ್ತುವಿನ ಅರ್ಧಾಯುಷ್ಯವು 4ರಿಂದ 16 ದಿನಗಳಷ್ಟಿರುವುದರಿಂದ ಅದರ ಪ್ರಭಾವ ವಾರಗಟ್ಟಲೆ ಉಳಿಯುತ್ತದೆ. ಅಳತೆ ಮೀರಿ ಸೇವಿಸಿದಾಗ ಕಿಣ್ವಗಳು ಸಾಲದೆ ಹೋಗಿ, ಕಾಲವು ಇನ್ನೂ ದೀರ್ಘವಾಗಬಹುದು.

ಹಾಗಾದರೆ ಆಸ್ಪತ್ರೆಯ ಪ್ರಯೋಜನವೇನು? ದೇಹವು ತನ್ನ ಕೆಲಸವನ್ನು ಮುಗಿಸುವವರೆಗೆ ಜೀವವನ್ನು ಕಾಯುವುದೇ ಅದರ ಪ್ರಯೋಜನ. ಮಾತ್ರೆ ನುಂಗಿ ಒಂದು ಗಂಟೆಯೊಳಗಾದರೆ ಇದ್ದಿಲಿನ ಪುಡಿ ಕೊಡುವುದು, ಹೃದಯದ ಲಯ ಕೆಟ್ಟರೆ ಸೋಡಿಯಂ ಬೈಕಾರ್ಬೊನೇಟ್ ಏರಿಸುವುದು, ಜ್ವರವನ್ನೂ ಸೆಡೆತವನ್ನೂ ಇಳಿಸುವುದು ಅಲ್ಲಿ ಸಾಧ್ಯ. ಮನೆಯಲ್ಲಿ ವಾಂತಿ ಮಾಡಿಸಿದರೆ, ಮಂಪರಿನಲ್ಲಿರುವವನ ಶ್ವಾಸಕೋಶಕ್ಕೆ ಅದು ನುಗ್ಗುವ ಅಪಾಯವುಂಟು.

ಆದುದರಿಂದ ತಡಮಾಡದೆ 108ಕ್ಕೆ ಕರೆಮಾಡಬೇಕು. ಮಾತ್ರೆಯ ಪಟ್ಟಿಯನ್ನು ತಪ್ಪದೆ ಕೊಂಡೊಯ್ಯಬೇಕು. ಗುಣವಾದಂತೆ ಕಂಡ ಮೇಲೂ, ವೈದ್ಯರನ್ನು ಕೇಳದೆ ನೋವಿನ ಮಾತ್ರೆಯನ್ನಾಗಲಿ ಹೊಸ ಮದ್ದನ್ನಾಗಲಿ ಸೇವಿಸಬಾರದು. ಹಳೆಯದು ಒಳಗೆ ಇನ್ನೂ ಉಳಿದಿರುತ್ತದೆ. ಇದನ್ನೋದಿ ಹೆದರಿ, ತೊಂದರೆಯಿಲ್ಲದವರು ಮದ್ದನ್ನು ತಾವಾಗಿ ನಿಲ್ಲಿಸುವುದೂ ಸಲ್ಲದು. ಮನಸ್ಸು ಕುಗ್ಗಿದಾಗ ಮಾತನಾಡಲು ಟೆಲಿ ಮನಸ್ 14416 ಇದೆ. ಮದ್ದಿನ ಗುಣವನ್ನು ತಿಳಿದಷ್ಟೇ ಅದರ ಕಾಲಮಾನವನ್ನೂ ತಿಳಿದಿರುವುದು ವಿದ್ಯಾವಂತರಾದ ನಮ್ಮ ಕರ್ತವ್ಯ.