ಹೆಡಿಂಗ್ಲೀ ಕ್ರಿಕೆಟ್ಟಿಗೆ ಮೆಂಫಿಸ್‌ನ ತಾಳ

ಲೀಡ್ಸ್ ನಗರದ ಹೆಡಿಂಗ್ಲೀ ಮೈದಾನದ ಟೆಸ್ಟ್ ಪಂದ್ಯಕ್ಕೂ
ಅಮೆರಿಕದ ಮೆಂಫಿಸ್‌ನ ಒಂದು ಸ್ಟುಡಿಯೋಗೂ ಏನು ನಂಟು?

ಆ ನಂಟಿನ ಹೆಸರು ‘ಸೋಲ್ ಲಿಂಬೋ’;
ಬುಕರ್ ಟಿ ವಾದ್ಯತಂಡವು ಮೆಂಫಿಸ್‌ನ ಸ್ಟ್ಯಾಕ್ಸ್ ಧ್ವನಿಮುದ್ರಣ ಕಂಪನಿಯ ಮೂಲಕ
1968ರಲ್ಲಿ ಹೊರತಂದ, ಸಾಹಿತ್ಯವೇ ಇಲ್ಲದ ವಾದ್ಯಗೀತೆ.

ಗಾಯಕನಿಲ್ಲದೆಯೂ ಹಾಡು ಗೆಲ್ಲಬಹುದೆಂಬುದನ್ನು
1963ರ ‘ವೈಪ್ ಔಟ್’ನಂಥ ಸರ್ಫ್ ರಾಕ್,
ಎಂದರೆ ಗಿಟಾರಿನ ನಾದಕ್ಕೆ ಅನುರಣನ ಬೆರೆಸಿದ
ಕ್ಯಾಲಿಫೋರ್ನಿಯಾ ಕಡಲತೀರದ ಶೈಲಿ, ಆಗಲೇ ತೋರಿಸಿತ್ತು;
ಆದರೆ ಇಲ್ಲಿ ಕಿವಿ ಸೆಳೆಯುವುದು ಗಿಟಾರಲ್ಲ,
ದನದ ಕೊರಳ ಗಂಟೆಯನ್ನು ಹೋಲುವ,
ಕೋಲಿನಿಂದ ಬಡಿದು ನುಡಿಸುವ ಕೌಬೆಲ್,
ಮತ್ತು ಅದರ ಬೆನ್ನಿಗೇ ಬರುವ,
ಮರದ ಪಟ್ಟಿಗಳನ್ನು ಜೋಡಿಸಿದ ಮರಿಂಬಾ.

ಈ ಕೌಬೆಲ್ ನುಡಿಸಿದವರು
ಮುಂದೆ ಗಾಯಕರಾಗಿ ಹೆಸರಾದ ಐಸಾಕ್ ಹೇಯ್ಸ್.

ಕೆರಿಬಿಯನ್ ಲಯದ ಈ ಗೀತೆಯನ್ನು
ಬಿಬಿಸಿ ಟೆಲಿವಿಷನ್ ತನ್ನ ಕ್ರಿಕೆಟ್ ಪ್ರಸಾರದ ಶೀರ್ಷಿಕೆ ಸಂಗೀತವಾಗಿಸಿತು;
ಯಕ್ಷಗಾನದಲ್ಲಿ ವೇಷ ರಂಗಕ್ಕೆ ಬರುವ ಮೊದಲೇ
ಚೆಂಡೆಯ ಪೆಟ್ಟು ಊರಿಗೆಲ್ಲ ಸುದ್ದಿ ಮುಟ್ಟಿಸುವಂತೆ,
ಮೊದಲ ಎಸೆತಕ್ಕೆ ಮುನ್ನವೇ ಅದು ಆಟವನ್ನು ಸಾರುತ್ತಿತ್ತು.
ಕ್ರಿಕೆಟ್ಟನ್ನು ಅಷ್ಟಾಗಿ ಆಡದ ದೇಶದ ಗೀತೆಗೆ
ಈ ಪಟ್ಟ ಸಿಕ್ಕಿದ್ದು ವಿನೋದವೇ ಸರಿ.

1999ರಲ್ಲಿ ಇಂಗ್ಲೆಂಡಿನ ತವರು ಟೆಸ್ಟ್‌ಗಳ ಪ್ರಸಾರ ಚಾನೆಲ್ 4ರ ಪಾಲಾದರೂ
ಗೀತೆ ಮರೆಯಾಗದೆ, ಬಿಬಿಸಿ ರೇಡಿಯೋದ
‘ಟೆಸ್ಟ್ ಮ್ಯಾಚ್ ಸ್ಪೆಷಲ್’ ಕಾರ್ಯಕ್ರಮದಲ್ಲಿ ನೆಲೆ ಕಂಡಿತು.

ಕನ್ನಡಿಗರಿಗೆ ಹೆಡಿಂಗ್ಲೀ ಎಂದರೆ 2002ರ ಆಗಸ್ಟ್:
ರಾಹುಲ್ ದ್ರಾವಿಡ್ 148 ರನ್ ಗಳಿಸಿ,
ಅನಿಲ್ ಕುಂಬ್ಳೆ ಒಟ್ಟು 7 ವಿಕೆಟ್ ಕಿತ್ತ ಆ ಪಂದ್ಯವನ್ನು
ಭಾರತ ಇನಿಂಗ್ಸ್ ಮತ್ತು 46 ರನ್‌ಗಳಿಂದ ಗೆದ್ದಿತು.