ಹಂಚಿಕೆಯ ಫೋಲ್ಡರ್‌ನಲ್ಲಿರುವ ಕಡತಕ್ಕೆ ಬೀಗದ ರಕ್ಷಣೆ ಎಷ್ಟು?

ಕಚೇರಿಯ ಗಣಕಯಂತ್ರಗಳನ್ನು ಒಂದು ಜಾಲಕ್ಕೆ ಜೋಡಿಸಿ, ಕರ ವಸೂಲಿ ಪಟ್ಟಿಯಂತಹ ಕಡತವನ್ನು ಹಂಚಿಕೆಯ ಫೋಲ್ಡರ್‌ನಲ್ಲಿ ಇರಿಸಿದಾಗ, ಅದನ್ನು ಇಬ್ಬರು ಸಿಬ್ಬಂದಿ ಏಕಕಾಲದಲ್ಲಿ ತೆರೆಯುವ ಸಂದರ್ಭ ಒದಗುತ್ತದೆ. ಇಬ್ಬರೂ ಬೇರೆ ಬೇರೆ ರಸೀದಿಗಳನ್ನು ನಮೂದಿಸಿದರೆ, ಕೊನೆಗೆ ಉಳಿಸಿದವರ ಪ್ರತಿ ಮಾತ್ರ ಉಳಿದು, ಮೊದಲನೆಯವರ ನಮೂದುಗಳು ಅಳಿದುಹೋಗಬಹುದು. ಆಗ ಕರ ಪಾವತಿಸಿದ ಗ್ರಾಮಸ್ಥರೇ ಬಾಕಿದಾರರ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತಾರೆ. ಇದನ್ನು ತಡೆಯಲೆಂದೇ ಕಡತಕ್ಕೆ ‘ಲಾಕ್’, ಅಂದರೆ ಬೀಗ ಹಾಕುವ ವ್ಯವಸ್ಥೆಯಿದೆ. ಆದರೆ ಜಾಲದ ಮೂಲಕ ಬಳಸುವಾಗ ಆ ಬೀಗವನ್ನು ಪೂರ್ಣವಾಗಿ ನಂಬುವಂತಿಲ್ಲ.

ಈ ಬೀಗವು ಬಹುಪಾಲು ಒಂದು ಗುರುತು ಮಾತ್ರ. ಲಿಬ್ರೆ ಆಫೀಸ್‌ನಲ್ಲಿ ಕಡತವನ್ನು ತೆರೆದೊಡನೆ ಅದೇ ಫೋಲ್ಡರ್‌ನಲ್ಲಿ ಚಿಕ್ಕದೊಂದು ಗುಪ್ತ ಕಡತ ಸೃಷ್ಟಿಯಾಗುತ್ತದೆ. ಅದನ್ನು ಕಂಡು, ಎರಡನೆಯವರಿಗೆ ‘ಕಡತ ಬಳಕೆಯಲ್ಲಿದೆ’ ಎಂಬ ಸೂಚನೆ ದೊರೆಯುತ್ತದೆ. ವಿದ್ಯುತ್ ಕಡಿತದಿಂದ ಯಂತ್ರ ಹಠಾತ್ತನೆ ನಿಂತರೆ ಈ ಗುರುತು ಅಳಿಯದೆ ಉಳಿಯಬಹುದು. ಇಂತಹ ಹುಸಿ ಸೂಚನೆಗಳಿಗೆ ಒಗ್ಗಿಕೊಂಡ ಸಿಬ್ಬಂದಿ ನಿಜವಾದ ಸೂಚನೆಯನ್ನೂ ಕಡೆಗಣಿಸುವ ಅಪಾಯವಿದೆ.

ಒಂದೇ ಯಂತ್ರದಲ್ಲಿ ಬೀಗ ಹಾಕುವುದೂ ತೆಗೆಯುವುದೂ ಒಂದೇ ಕಾರ್ಯಾಚರಣ ವ್ಯವಸ್ಥೆಯ ಕೆಲಸ. ಜಾಲದಲ್ಲಿ ಕಡತ ಒಂದೆಡೆ, ಬಳಸುವವರು ಇನ್ನೊಂದೆಡೆ. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು 1984ರಲ್ಲಿ ರೂಪಿಸಿದ ಎನ್‌ಎಫ್‌ಎಸ್ ಎಂಬ ಕಡತ ಹಂಚಿಕೆ ವ್ಯವಸ್ಥೆಯ 2 ಮತ್ತು 3ನೆಯ ಆವೃತ್ತಿಗಳಲ್ಲಿ ಬೀಗದ ಹೊಣೆಯನ್ನು ಪ್ರತ್ಯೇಕ ಸಹಾಯಕ ಸೇವೆಗೆ ವಹಿಸಲಾಗಿತ್ತು. ಆ ಸೇವೆ ಸ್ಥಗಿತಗೊಂಡರೆ, ಬೀಗ ಯಾರ ಬಳಿಯಿದೆ ಎಂಬುದರಲ್ಲಿ ಸರ್ವರ್‌ಗೂ ಬಳಕೆದಾರರ ಯಂತ್ರಕ್ಕೂ ವ್ಯತ್ಯಾಸ ಉಂಟಾಗುತ್ತಿತ್ತು. 4ನೆಯ ಆವೃತ್ತಿಯಲ್ಲಿ ಬೀಗವು ಮೂಲ ವ್ಯವಸ್ಥೆಯಲ್ಲೇ ಸೇರಿತು. ಅದನ್ನು ನಿಗದಿತ ಅವಧಿಗೆ ಗುತ್ತಿಗೆಯಂತೆ ನೀಡಲಾಗುತ್ತದೆ. ಲಿನಕ್ಸ್ ಸರ್ವರ್‌ಗಳಲ್ಲಿ ಈ ಅವಧಿ ಸಾಮಾನ್ಯವಾಗಿ 90 ಸೆಕೆಂಡು. ಸಂಪರ್ಕ ಕಡಿದು ಅವಧಿಯೊಳಗೆ ನವೀಕರಣವಾಗದಿದ್ದರೆ ಬೀಗವು ಇನ್ನೊಬ್ಬರ ಪಾಲಾಗಬಹುದು. ಜಾಲದ ಕಡತ ವ್ಯವಸ್ಥೆಗಳಲ್ಲಿ ಬೀಗ ಸರಿಯಾಗಿ ಕೆಲಸ ಮಾಡದಿದ್ದರೆ ದತ್ತಾಂಶ ಕೆಡಬಹುದೆಂದು ಎಸ್‌ಕ್ಯೂಲೈಟ್ ದತ್ತಸಂಚಯದ ನಿರ್ಮಾಪಕರೂ ಎಚ್ಚರಿಸಿದ್ದಾರೆ.

ಆದುದರಿಂದ ಸದಸ್ಯರು ತಮ್ಮ ಕಚೇರಿಯಲ್ಲಿ ಈ ಕೆಳಗಿನ ಅಂಶಗಳನ್ನು ಪರಿಶೀಲಿಸುವುದು ಸೂಕ್ತ.

1. ಪ್ರತಿಯೊಂದು ವಹಿಯ ಕಡತದಲ್ಲಿ ನಮೂದಿಸುವ ಹೊಣೆ ಒಬ್ಬರೇ ಸಿಬ್ಬಂದಿಗೆ ಇರಬೇಕು. ಉಳಿದವರಿಗೆ ಓದುವ ಅನುಮತಿ ಮಾತ್ರ ಸಾಕು.

2. ‘ಬಳಕೆಯಲ್ಲಿದೆ’ ಎಂಬ ಸೂಚನೆ ಬಂದಾಗ, ಕಡತವನ್ನು ಬೇರೆ ಯಾರೂ ತೆರೆದಿಲ್ಲವೆಂದು ವಿಚಾರಿಸಿ ಖಚಿತಪಡಿಸಿಕೊಳ್ಳದೆ ಮುಂದುವರಿಯಬಾರದು.

3. ದಿನದ ಕೊನೆಯಲ್ಲಿ ರಸೀದಿ ಪುಸ್ತಕದ ಮೊತ್ತವನ್ನು ಕಡತದ ಮೊತ್ತದೊಂದಿಗೆ ತಾಳೆ ನೋಡಿ, ದಿನಾಂಕ ಸಹಿತ ಪ್ರತಿಯನ್ನು ಬೇರೆಡೆ ಉಳಿಸಬೇಕು.

4. ಹಲವರು ಏಕಕಾಲದಲ್ಲಿ ನಮೂದಿಸಲೇಬೇಕಾದಲ್ಲಿ, ಎಲ್ಲರ ನಮೂದುಗಳನ್ನೂ ಒಂದೇ ಸರ್ವರ್ ಸ್ವೀಕರಿಸಿ ತಾನೇ ಬರೆದುಕೊಳ್ಳುವ ತಂತ್ರಾಂಶವನ್ನು ಬಳಸಬೇಕು.

ಬೀಗ ತಪ್ಪಿದಾಗ ಯಂತ್ರವು ಯಾವುದೇ ಎಚ್ಚರಿಕೆ ನೀಡದಿರಬಹುದು. ನಷ್ಟವನ್ನು ಬೆಳಕಿಗೆ ತರುವುದು ದಿನದಿನದ ತಾಳೆಯೇ.