ಗುಡುಗು ಕದ್ದವರು ಯಾರು?

ಮುಶಿಗೇರಿಯ ಕಟ್ಟೆ. ಗಜೇಂದ್ರಗಡದಲ್ಲಿ ಹೊಸ ಪಿಕ್ಚರ್ ನೋಡಿ ಬಂದ ಹುಡುಗರ ದಂಡು. ಕಾಲೇಜು ಮೆಟ್ಟಿಲು ಹತ್ತಿದವನೊಬ್ಬ ಇಂಗ್ಲಿಷ್ ಬಿಟ್ಟ: "ವಿಲನ್ ಏನ್ ಮಾಡ್ಯಾನಲೇ! ಹೀರೋನ ಥಂಡರ್ ಸ್ಟೀಲ್ ಮಾಡಿಬಿಟ್ಟ!"

ಎಲಿಅಡಿಕಿ ಹಾಕುತ್ತಿದ್ದ ಅಜ್ಜನೊಬ್ಬ ಅರ್ಥ ಕೇಳಿದ. 'ಗುಡುಗು ಕದ್ದ' ಎಂದರು. "ಗುಡುಗು ಹ್ಯಾಂಗ ಕದೀತಾರೋ ತಮ್ಮಾ? ಜಾತ್ರಿ ನಾಟಕದಾಗ ಪರದೆ ಹಿಂದ ನಾವು ತಗಡು ಬಡದು ಗುಡುಗು ಮಾಡ್ತಿದ್ವಿ. ಆ ತಗಡು ಯಾರರೆ ಕದ್ರೇನು?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಗಬೇಡಿ ಗೆಳೆಯರೇ, ಅಜ್ಜ ಹೇಳಿದ್ದು ಹೆಚ್ಚು ಕಡಿಮೆ ಅದೇ ಕಥೆ!

1709. ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರ. ಜಾನ್ ಡೆನ್ನಿಸ್ ಎಂಬ ನಾಟಕಕಾರ ತನ್ನ ನಾಟಕಕ್ಕೆಂದು ಗುಡುಗಿನ ಸದ್ದೆಬ್ಬಿಸುವ ಹೊಸ ಉಪಾಯ ಹುಡುಕಿದ. ಗುಡುಗು ಭೇಷ್, ನಾಟಕ ಮಕಾಡೆ! ಅದನ್ನು ಎತ್ತಿಹಾಕಿದರು. ಆಮೇಲೆ ಅದೇ ರಂಗದ ಮೇಲೆ 'ಮ್ಯಾಕ್‌ಬೆತ್'. ನೋಡಲು ಹೋದ ಡೆನ್ನಿಸ್ ಕಿವಿಗೆ ಬಿದ್ದದ್ದು ತನ್ನದೇ ಗುಡುಗು! ನನ್ನ ನಾಟಕ ಬೇಡವಾಯಿತು, ನನ್ನ ಗುಡುಗು ಮಾತ್ರ ಕದ್ದಿರಿ ಎಂದು ಎದ್ದು ನಿಂತು ಕೂಗಾಡಿದನಂತೆ.

ಹೀಗಾಗಿ ನಮ್ಮ ಕಾಲೇಜು ಹುಡುಗನದು ಅರ್ಧ ತಪ್ಪು. ನಟನೆಯಿಂದ ಹೀರೋನನ್ನೇ ಮಂಕಾಗಿಸಿದರೆ ಅದಕ್ಕೆ 'ಸ್ಟೀಲಿಂಗ್ ದ ಶೋ' ಎನ್ನುತ್ತಾರೆ. 1972ರ 'ನಾಗರಹಾವು' ಚಿತ್ರದಲ್ಲಿ ಚೋಟುದ್ದದ ಪಾತ್ರದ ಜಲೀಲನಾಗಿ ಅಂಬರೀಷ್ ಸಿಳ್ಳೆ ಗಿಟ್ಟಿಸಲಿಲ್ಲವೇ? ಅದು ಗಂಡೆದೆಯ ಗಳಿಕೆ. ಥಂಡರ್ ಕದಿಯುವುದು ಬೇರೆ. ಇನ್ನೊಬ್ಬನ ಹೊಸ ವಿಚಾರ ಹೊಡೆದು ಮೆರೆಯುವುದು, ಇಲ್ಲವೇ ಅವನು ಬಾಯಿ ಬಿಡುವ ಮೊದಲೇ ನಾವು ಹೇಳಿ ಅವನ ಸಡಗರಕ್ಕೆ ನೀರು ಹೊಯ್ಯುವುದು.

ನಮ್ಮ ಕನ್ನಡ ಟಾಕಿಯ ಹುಟ್ಟಿನಲ್ಲೇ ಇಂಥದೊಂದು ಗುಡುಗಿದೆ. ಮೊದಲು ತಯಾರಾದದ್ದು 'ಭಕ್ತ ಧ್ರುವ'. ಆದರೆ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆ ಕಂಡದ್ದು 'ಸತಿ ಸುಲೋಚನ'! ಮೊದಲ ವಾಕ್ಚಿತ್ರದ ಕಿರೀಟ ಅದಕ್ಕೇ ಹೋಯಿತು. ಹೀರೋ ಸುಬ್ಬಯ್ಯ ನಾಯ್ಡು, ಇಂದ್ರಜಿತುವಿನ ಪಾತ್ರ. ಇಂದ್ರಜಿತುವಿನ ಇನ್ನೊಂದು ಹೆಸರು ಗೊತ್ತಲ್ಲ? ಮೇಘನಾದ. ಅಂದರೆ ಗುಡುಗೇ! ಕಳ್ಳತನ ಎನ್ನಲಾರೆ, ಮೊದಲು ತೆರೆಗೆ ಬಂದವರು ಗೆದ್ದರು. ಆದರೂ ಮೊದಲು ಚಿತ್ರ ಮುಗಿಸಿಟ್ಟವರ ಹೊಟ್ಟೆ ಎಷ್ಟು ಉರಿದಿರಬೇಡ! ಇವತ್ತು ಆ 'ಧ್ರುವ'ನ ಹೆಸರು ಹೇಳುವವರು ಎಷ್ಟು ಮಂದಿ?

ಕಟ್ಟೆಯ ಮೇಲೆ ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಕಾಲೇಜು ಹುಡುಗ ಹೊಸ ಪಿಕ್ಚರಿನ ಕ್ಲೈಮ್ಯಾಕ್ಸ್ ಶುರು ಹಚ್ಚಿದ್ದ. ಮರುದಿನ ಹೋಗಲು ರೊಕ್ಕ ಕೂಡಿಸಿಟ್ಟಿದ್ದ ಗೆಳೆಯ ಎರಡೂ ಕಿವಿ ಮುಚ್ಚಿಕೊಂಡು ಚೀರಿದ: "ಬಾಯಿ ಮುಚ್ಚಲೇ, ಗುಡುಗು ಕಳ್ಳಾ!"